ಬಲದ್ ಪಕ್ಷ 2022ರಲ್ಲಿ ಒಂಟಿಯಾಗಿ ನಿಂತದ್ದು ತಪ್ಪೇ?

ತುಂಗಾತೀರ: ಬಲದ್ ಇಸ್ರೇಲ್ ಒಳಗೇ ಇರುವ ಪ್ಯಾಲೆಸ್ತೀನಿಯರ ಎಡಪಂಥೀಯ ರಾಷ್ಟ್ರವಾದಿ ಪಕ್ಷ. 2022ರ ನವೆಂಬರ್ ಚುನಾವಣೆಯಲ್ಲಿ 1,38,000ಕ್ಕೂ ಜಾಸ್ತಿ ಮತ ಬಂದರೂ ಒಂದು ಸೀಟೂ ಸಿಗಲಿಲ್ಲ. ಸೀಟು ಸಿಗಲು ಒಟ್ಟು ಮತದಲ್ಲಿ ದಾಟಬೇಕಿದ್ದ ಗಡಿ ಶೇ. 3.25, ಬಂದದ್ದು ಶೇ. 2.9. ನೆತನ್ಯಾಹು ಅವರ ಬಲಪಂಥೀಯ ಬಣ 120 ಸೀಟುಗಳಲ್ಲಿ 64 ಗೆದ್ದಿತು. ಮೊದಲು ಒಂದೇ ಪಟ್ಟಿಯಲ್ಲಿದ್ದ ಹದಾಶ್, ತಾಲ್ ಪಕ್ಷಗಳ ಕೈ ಬಿಟ್ಟದ್ದು ದೊಡ್ಡ ತಪ್ಪು ಅಂತಲೇ ನನಗನ್ನಿಸುತ್ತದೆ.

ಬಯಲುಸೀಮೆ: ಅಷ್ಟು ಮತ ಬಿದ್ದ ಮೇಲೆ ಒಂದೆರಡು ಊರಲ್ಲಾದರೂ ಗೆಲ್ಲಬೇಕಿತ್ತಲ್ವಾ?

ತುಂಗಾತೀರ: ನಮ್ಮಲ್ಲಿರುವ ಹಾಗೆ ಅಲ್ಲಿ ಕ್ಷೇತ್ರಗಳಿಲ್ಲ. ಇಡೀ ದೇಶವೇ ಒಂದು ಕ್ಷೇತ್ರ, ಜನ ಪಕ್ಷದ ಪಟ್ಟಿಗೆ ವೋಟು ಹಾಕುತ್ತಾರೆ. ಮೊದಲು ಗಡಿ ಶೇ. 2 ಇತ್ತು, 2014ರಲ್ಲಿ ಏರಿಸಿದರು. ಅದಕ್ಕೇ 2015ರಲ್ಲಿ ನಾಲ್ಕು ಅರಬ್ ಪಕ್ಷಗಳು ಒಂದೇ ಪಟ್ಟಿ ಮಾಡಿಕೊಂಡವು. ಆಗ 13 ಸೀಟು, 2020ರಲ್ಲಿ 15. ಒಗ್ಗಟ್ಟಿನ ಫಲ ಕಣ್ಣೆದುರಿಗೇ ಇತ್ತು.

ಹಳೇ ಪೇಪರ್: ಸರ್, ಒಗ್ಗಟ್ಟು ಯಾವುದಕ್ಕೆ ಅಂತಲೂ ಕೇಳಬೇಕು. 2019ರ ಸೆಪ್ಟೆಂಬರ್‌ನಲ್ಲಿ ಈ ಜಂಟಿ ಪಟ್ಟಿಯ ಹತ್ತು ಸಂಸದರು ನೆತನ್ಯಾಹು ಎದುರಾಳಿ ಬೆನ್ನಿ ಗಾಂಟ್ಜ್ ಪ್ರಧಾನಿಯಾಗಲಿ ಎಂದರು. ಬಲದ್‌ನ ಮೂವರು ಒಪ್ಪಲಿಲ್ಲ. 2014ರ ಗಾಜಾ ಯುದ್ಧದಲ್ಲಿ ಇಸ್ರೇಲ್ ಸೇನೆಯ ಮುಖ್ಯಸ್ಥ ಇದೇ ಗಾಂಟ್ಜ್. ಅವರ ಹೆಸರು ಹೇಳಿ ಬಂದು ತಮ್ಮ ಮತದಾರರಿಗೆ ಮುಖ ತೋರಿಸುವುದು ಹೇಗೆ?

ಶರಾವತಿ: ಈ ಪಕ್ಷದ ಬೇಡಿಕೆಯನ್ನೂ ನೋಡಿ. 1995ರಲ್ಲಿ ಅಜ್ಮಿ ಬಿಶಾರಾ ಕಟ್ಟಿದಾಗಿನಿಂದ ಹೇಳುತ್ತಿರುವುದು ಒಂದೇ: ದೇಶ ಅದರ ಎಲ್ಲ ಪ್ರಜೆಗಳದ್ದಾಗಬೇಕು, ಯೆಹೂದಿಯರದ್ದು ಮಾತ್ರ ಅಲ್ಲ. 2018ರಲ್ಲಿ ಇದನ್ನೇ ಮಸೂದೆಯಾಗಿ ತಂದರೆ ಚರ್ಚೆಗೂ ಬಿಡಲಿಲ್ಲ. ಮುಂದಿನ ತಿಂಗಳೇ ಇಸ್ರೇಲನ್ನು ಯೆಹೂದಿ ರಾಷ್ಟ್ರವೆನ್ನುವ ಕಾನೂನು ಪಾಸಾಯಿತು. 2003ರಲ್ಲೂ 2022ರಲ್ಲೂ ಚುನಾವಣಾ ಸಮಿತಿ ಪಕ್ಷವನ್ನು ಕಣದಿಂದ ಹೊರಗಿಟ್ಟಿತು. ಎರಡು ಸಲವೂ ಸುಪ್ರೀಂ ಕೋರ್ಟ್ ಆ ತೀರ್ಮಾನ ರದ್ದು ಮಾಡಿತು.

ಬಯಲುಸೀಮೆ: ಆದರೆ ಪಕ್ಷದ ಸಂಸದ ಬಾಸೆಲ್ ಘಟ್ಟಾಸ್ ಜೈಲಿನ ಕೈದಿಗಳಿಗೆ ಕದ್ದು ಮೊಬೈಲ್ ಕೊಟ್ಟರಲ್ಲ?

ಶರಾವತಿ: ಕೊಟ್ಟರು, ಅದು ತಪ್ಪೇ. ಅದಕ್ಕೆ ಎರಡು ವರ್ಷ ಶಿಕ್ಷೆಯೂ ಆಯಿತು. ಒಬ್ಬರ ತಪ್ಪಿನಿಂದ ಸಮಾನತೆಯ ಬೇಡಿಕೆ ಸುಳ್ಳಾಗುವುದಿಲ್ಲ.

ತುಂಗಾತೀರ: ಬೇಡಿಕೆ ನ್ಯಾಯದ್ದೇ, ನಾನೂ ಒಪ್ಪುತ್ತೇನೆ. ಆದರೆ 2022ರಲ್ಲಿ ಆರಿಸಿದ ಸಂಸತ್ತಿನಲ್ಲಿ ಅದನ್ನು ಎತ್ತಲು ಬಲದ್‌ನವರು ಒಬ್ಬರೂ ಇರಲಿಲ್ಲ. ಹದಾಶ್-ತಾಲ್‌ಗೆ 5, ಇನ್ನೊಂದು ಅರಬ್ ಪಕ್ಷವಾದ ರಾಮ್‌ಗೆ 5. 2020ರಲ್ಲಿ ಹದಿನೈದು ಇದ್ದದ್ದು ಹತ್ತಾಯಿತು.

ಹಳೇ ಪೇಪರ್: ಆ ನಷ್ಟ ನನಗೂ ನೋವಿನದೇ. ಆದರೆ ಎಲ್ಲ ಹೊರೆ ಬಲದ್ ತಲೆಗೇ ಯಾಕೆ? ಎಡ ಯೆಹೂದಿಗಳ ಮೆರೆಟ್ಸ್ ಕೂಡ ಶೇ. 3.16ಕ್ಕೇ ನಿಂತುಬಿಟ್ಟಿತು. ಇನ್ನೊಂದು ವಿಷಯ. ಸಾಮಿ ಅಬು ಶೆಹಾದೆ ಮುಂದಾಳತ್ವದ ಬಲದ್ ಪಟ್ಟಿ ಗಡಿಯ ಹತ್ತಿರವೂ ಬರುವುದಿಲ್ಲ ಅಂತ ಸಮೀಕ್ಷೆಗಳು ವಾರಗಟ್ಟಲೆ ಹೇಳುತ್ತಿದ್ದವು. ಸೋಲುವ ಪಟ್ಟಿ ಅಂತ ಗೊತ್ತಿದ್ದೂ ಅಷ್ಟು ಜನ ಸಾಲಿನಲ್ಲಿ ನಿಂತು ವೋಟು ಹಾಕಿದರು. ಅವರು ಏನು ಹೇಳಲು ಬಂದಿದ್ದರು ಅಂತ ಯೋಚಿಸಿದ್ದೀರಾ?