ಅಪ್‌ಡೇಟ್: ಗುಡ್‌ರೀಡ್ಸ್ ಬಿಟ್ಟು ಸ್ಟೋರಿಗ್ರಾಫ್‌ಗೆ ಬಂದೆ

ಗುಡ್‌ರೀಡ್ಸ್, ಸ್ಟೋರಿಗ್ರಾಫ್ ಎರಡೂ ಓದಿದ ಪುಸ್ತಕಗಳ ಲೆಕ್ಕ ಇಡುವ ತಾಣಗಳು. ಗುಡ್‌ರೀಡ್ಸ್ ಬಿಟ್ಟು ಸ್ಟೋರಿಗ್ರಾಫ್‌ಗೆ ಹೋದರೆ ಇಷ್ಟು ವರ್ಷದ ಓದಿನ ಪಟ್ಟಿ ಉಳಿಯುತ್ತದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ಉಳಿಯಿತು.

ಗುಡ್‌ರೀಡ್ಸ್‌ ವೆಬ್‌ಸೈಟಿನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ನಮ್ಮ ಪಟ್ಟಿಯೆಲ್ಲ ಇರುವ ಒಂದು ಸಿಎಸ್‌ವಿ ಫೈಲ್ ಸಿಗುತ್ತದೆ. ಅದನ್ನು ಸ್ಟೋರಿಗ್ರಾಫ್‌ಗೆ ಹಾಕಿದರೆ ಪುಸ್ತಕ, ಅದಕ್ಕೆ ನಾವು ಕೊಟ್ಟ ನಕ್ಷತ್ರ (ರೇಟಿಂಗ್), ನಾವು ಬರೆದ ವಿಮರ್ಶೆ ಬರುತ್ತವೆ. ಆದರೆ ವಿಮರ್ಶೆಯ ಕೆಳಗೆ ಗೆಳೆಯರು ಬರೆದದ್ದು ಬರುವುದಿಲ್ಲ. ನನಗೆ ಅದೇ ಸಂಕಟ. ಒಂದು ಕಾದಂಬರಿಯ ಕೊನೆಯ ಬಗ್ಗೆ ವಾರಗಟ್ಟಲೆ ವಾದ ಮಾಡಿದ ಮಾತುಗಳೆಲ್ಲ ಅಲ್ಲೇ ಇವೆ. ಅದಕ್ಕೇ ಹಳೆ ಖಾತೆ ಅಳಿಸಿಲ್ಲ, ಅಳಿಸುವುದೂ ಇಲ್ಲ.

ಕನ್ನಡ ಪುಸ್ತಕಗಳದ್ದು ಸ್ವಲ್ಪ ಕೆಲಸ ಜಾಸ್ತಿ. ಹಳೆಯ ಎಷ್ಟೋ ಮುದ್ರಣಗಳಿಗೆ ಐಎಸ್‌ಬಿಎನ್ (ಪುಸ್ತಕ ಗುರುತಿಸುವ ಸಂಖ್ಯೆ) ಇಲ್ಲ ಅಲ್ವಾ, ಕೆಲವು ಸಿಗಲಿಲ್ಲ. ಒಂದೊಂದಾಗಿ ನಾನೇ ಸೇರಿಸುತ್ತಿದ್ದೇನೆ. ನೀವೂ ಸೇರಿಸುವುದಾದರೆ ಹೆಸರನ್ನು ಕನ್ನಡ ಲಿಪಿಯಲ್ಲೇ ಹಾಕಿ, ಮುಂದೆ ಹುಡುಕುವವರಿಗೆ ಸಿಗಲಿ.

ತುಂಬಾ ಇಷ್ಟವಾದದ್ದು ಅರ್ಧ, ಕಾಲು ನಕ್ಷತ್ರ ಕೊಡುವ ಅವಕಾಶ. ಮೂರಾ, ನಾಲ್ಕಾ ಅಂತ ಒದ್ದಾಡುವುದು ತಪ್ಪಿತು. 2019ರಲ್ಲಿ ನಾದಿಯಾ ಒಡುನಾಯೊ ಕಟ್ಟಲು ಶುರುಮಾಡಿದ ತಾಣ ಇದು. ಓದುವವರ ಕಷ್ಟ ಗೊತ್ತಿರುವವರ ಕೆಲಸ ಅನ್ನಿಸುತ್ತದೆ. ಹರಟೆ ಮಾತ್ರ ಇಲ್ಲಿ ಕಡಿಮೆ. ಬಂದವರು ಬಡ್ಡಿ ರೀಡ್‌ಗೆ, ಅಂದರೆ ಒಂದೇ ಪುಸ್ತಕವನ್ನು ಜೊತೆಯಾಗಿ ಓದುವುದಕ್ಕೆ, ಕರೆಯಿರಿ, ಖಂಡಿತ ಬರುತ್ತೇನೆ.