ಕೆ.ಆರ್. ಮಾರ್ಕೆಟ್, 50 ಎಂಎಂ ಮ್ಯಾನ್ಯುಯಲ್ ಲೆನ್ಸ್: ಮುಖ ಸಾಫ್ಟ್, ಹಿಂದಿನ ಹೂರಾಶಿ ಶಾರ್ಪ್

ರೀಲು36:
ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ, 50 ಎಂಎಂ ಎಫ್/1.8 ಲೆನ್ಸ್, ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್. ಬೆಳಗ್ಗೆ ಮಾರ್ಕೆಟ್ ಒಳಗೆ ಹೂವಿನ ವ್ಯಾಪಾರಿಗಳು, ಮೂಟೆ ಹೊರುವ ಹಮಾಲರು ತಮ್ಮ ಪಾಡಿಗೆ ತಾವಿರುವಾಗ ತೆಗೀಬೇಕು. ಐಎಸ್‌ಒ (ಫಿಲ್ಮಿನ ವೇಗ) 400, ಲೆನ್ಸಿನ ತೆರವು ಎಫ್/2, ಶಟರ್ 1/250 ಸೆಕೆಂಡ್. ರೋಲಿಗೆ ಐದಾರು ಫ್ರೇಮ್ ಬಿಟ್ಟರೆ ಫೋಕಸ್ ತಪ್ಪಿರುತ್ತೆ. ಬಿಳಿ ಅಂಗಿಯವರ ಮುಖ ಕಪ್ಪಾಗಿ ಬರುತ್ತೆ. 85 ಎಂಎಂ ತಗೊಂಡ್ರೆ ಸರಿಹೋಗುತ್ತಾ?

ಬಸವನಗುಡಿ ಡಾರ್ಕ್‌ರೂಮ್:
85 ಈಗಲೇ ಬೇಡ ಸರ್, ತೊಂದರೆ ಇನ್ನೂ ಹೆಚ್ಚುತ್ತೆ. ನಿಮ್ಮ 50ರಲ್ಲಿ ಎಫ್/2, 2 ಮೀಟರ್ ದೂರಕ್ಕೆ ಶಾರ್ಪ್ ಇರುವ ಜಾಗ ಸುಮಾರು 19 ಸೆಂ.ಮೀ. ಅಷ್ಟೇ. ನೀವು ಫೋಕಸ್ ಮಾಡಿ ಒತ್ತುವಷ್ಟರಲ್ಲಿ ವ್ಯಾಪಾರಿ ತಕ್ಕಡಿ ಕಡೆ ಬಾಗಿರ್ತಾರೆ. ಅದಕ್ಕೇ ಹಿಂದಿನ ಹೂರಾಶಿ ಶಾರ್ಪ್.

ತೆರವು ಕಿರಿದು ಮಾಡಿ ಎಫ್/5.6ಕ್ಕೆ ಬನ್ನಿ, ಆ 19 ಸೆಂ.ಮೀ. 55 ಆಗುತ್ತೆ. ಆದರೆ ಬೆಳಕು ಮೂರು ಸ್ಟಾಪ್ ಕಡಿಮೆಯಾಗುತ್ತೆ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಅಥವಾ ದುಪ್ಪಟ್ಟು). ಫಿಲ್ಮನ್ನ 1600 ಅಂತ ಸೆಟ್ ಮಾಡಿದರೆ ಎರಡು ಸ್ಟಾಪ್, ಶಟರ್ 1/125 ಮಾಡಿದರೆ ಒಂದು, ಲೆಕ್ಕ ಸರಿಹೋಯ್ತು. ಮೂಟೆ ಹೊತ್ತು ನಡೆಯೋರಿಗೆ ಮಾತ್ರ 1/250, ಎಫ್/4. ಗ್ರೇನ್ (ಚಿತ್ರದಲ್ಲಿ ಕಾಣೋ ಕಾಳು) ದಪ್ಪ ಆಗುತ್ತೆ, ಗಡ್ಡ-ಮೀಸೆ ಇರೋ ಮುಖಕ್ಕೆ ಅದು ಒಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ.

ರಿಂಗನ್ನ 2 ಮೀಟರ್‌ಗೆ ಮೊದಲೇ ಇಟ್ಟುಬಿಡಿ. ಒಂದು ಆಳುದ್ದಕ್ಕಿಂತ ತುಸು ಹೆಚ್ಚು. ಆ ಸ್ಥಾನದಲ್ಲಿ ರಿಂಗಿನ ಕೆಳಭಾಗಕ್ಕೆ ಟೇಪ್ ಅಂಟಿಸಿ, ಅದರ ಮೇಲೆ ಬಟಾಣಿಯಷ್ಟು ಎಂ-ಸೀಲ್ ಉಂಡೆ ಕೂರಿಸಿ. ಕ್ಯಾಮೆರಾ ಕಣ್ಣಿಗೆ ಏರಿಸೋ ಮುಂಚೆಯೇ ಬೆರಳಿಗೆ ದೂರ ಗೊತ್ತಾಗುತ್ತೆ. ಆಮೇಲೆ ರಿಂಗ್ ತಿರುಗಿಸೋ ಬದಲು ನೀವೇ ಅರ್ಧ ಹೆಜ್ಜೆ ಹಿಂದೆ-ಮುಂದೆ ಆಗಿ. ಟೈಮ್ ಇದ್ದರೆ ವ್ಯೂಫೈಂಡರ್ ನಡುವಿನ ಸ್ಪ್ಲಿಟ್ ಗೆರೆಯನ್ನ (ಫೋಕಸ್ ತಪ್ಪಿದ್ದರೆ ಚಿತ್ರ ಇಲ್ಲಿ ಒಡೆದು ಕಾಣುತ್ತೆ) ಕನ್ನಡಕದ ಫ್ರೇಮಿನ ನೆಟ್ಟಗಿನ ಅಂಚಿಗೆ ಹಿಡಿಯಿರಿ. ಕೆನ್ನೆಗೆ ಹಿಡಿದರೆ ಗೆರೆ ಒಡೆದಿದೆಯೋ ಕೂಡಿದೆಯೋ ಕಾಣಲ್ಲ.

ಇನ್ನೊಂದು, ಫಿಲ್ಮ್ ಮುಂದೆ ಸರಿಸೋ ವೈಂಡಿಂಗ್ ಲಿವರ್ ಸ್ವಲ್ಪ ಹೊರಗೆ ಎಳೆದೇ ಇರಲಿ. ಪೂರ್ತಿ ಒಳಗಿದ್ದರೆ ಎಫ್‌ಎಂ2 ಶಟರ್ ಲಾಕ್.

ಬೆಳ್ಳಿಲವಣ:
ಕಪ್ಪು ಮುಖದ ವಿಷಯ. ನಿಮ್ಮ ಕ್ಯಾಮೆರಾದ ಬೆಳಕಿನ ಮೀಟರ್ ನಡುಭಾಗಕ್ಕೆ ಹೆಚ್ಚು ತೂಕ ಕೊಡುತ್ತೆ, ಅಲ್ಲಿ ಬಿಳಿ ಅಂಗಿ ಬಂದರೆ ಅದನ್ನೇ ಬೂದು ಮಾಡುತ್ತೆ. ಅವರ ಮುಖದ ಮೇಲೆ ಬೀಳ್ತಿರೋ ಬೆಳಕೇ ನಿಮ್ಮ ಅಂಗೈ ಮೇಲೂ ಬೀಳೋ ಹಾಗೆ ಹಿಡಿದು ಅಳೆಯಿರಿ, ಒಂದು ಸ್ಟಾಪ್ ಹೆಚ್ಚು ಕೊಡಿ. ಒಮ್ಮೆ ಅಳೆದರೆ ಆ ಸಾಲಿನ ಅಂಗಡಿಗಳಿಗೆಲ್ಲ ಅದೇ ಸಾಕು. ತಲೆಗೆ ರುಮಾಲು ಸುತ್ತಿದವರಿಗೆ ಮೇಲಿನ ಬಲ್ಬ್ ಬೆಳಕಲ್ಲಿ ಕಣ್ಣುಗುಳಿ ಕತ್ತಲಾಗುತ್ತೆ. ದಾರಿ ಕಡೆಯಿಂದ ಬೆಳಕು ಬರೋ ಅಂಚಿನ ಅಂಗಡಿ ಹುಡುಕಿ.

ಮೊದಲ ಕ್ಲಿಕ್ ಆದ ಮೇಲೆ ಕ್ಯಾಮೆರಾ ಇಳಿಸಬೇಡಿ. ಸದ್ದಿಗೆ ತಲೆ ಎತ್ತುತ್ತಾರೆ, ಒಂದು ಗಳಿಗೆ ಕಣ್ಣಲ್ಲಿ ಕಣ್ಣಿಡ್ತಾರೆ, ಆಮೇಲೆ ಕೈ ಕಾಲರ್‌ಗೆ ಹೋಗುತ್ತೆ. ಆ ಕೈ ಏಳೋ ಮುಂಚಿನ ಫ್ರೇಮೇ ಸಾಮಾನ್ಯವಾಗಿ ಚೆನ್ನಾಗಿರುತ್ತೆ. ತೆಗೆದ ಮೇಲೆ ಮಾತಾಡಿಸಿ, ಬೇಡ ಅಂದವರ ಫ್ರೇಮ್ ಬಿಟ್ಟುಬಿಡಿ.

ರೀಲು36:
ಐಡಿ-11 ಡೆವಲಪರ್ ಇದೆ. 1600ಕ್ಕೆ ಎಷ್ಟು ನಿಮಿಷ ಡೆವಲಪ್ ಮಾಡಬೇಕು?

ಬಸವನಗುಡಿ ಡಾರ್ಕ್‌ರೂಮ್:
ನೀರು ಬೆರೆಸದೆ ಸ್ಟಾಕ್‌ನಲ್ಲೇ, 20 ಡಿಗ್ರಿಗೆ 14 ನಿಮಿಷ. ಈ ಬೇಸಿಗೆಯಲ್ಲಿ ನಲ್ಲಿ ನೀರು ಅಷ್ಟು ತಣ್ಣಗಿರಲ್ಲ. ಬಕೆಟ್ ನೀರಿಗೆ ಐಸ್ ಹಾಕಿ ಡೆವಲಪರ್ ಬಾಟಲಿ, ಟ್ಯಾಂಕ್ ಎರಡನ್ನೂ ಅದರೊಳಗೆ ಇಡಿ. ಡೆವಲಪರ್‌ಗೇ ಐಸ್ ಹಾಕಬೇಡಿ, ತೆಳುವಾಗಿ ನೆಗೆಟಿವ್ ಸಪ್ಪೆಯಾಗುತ್ತೆ.