ಚಿನ್ನಿ, ವರ್ಬ್ ಎಲ್ಲಿಡ್ಬೇಕು ಅಂತ ಕೇಳಿದ್ಯಲ್ಲ

ಚಿನ್ನಿ, ಪೂಜೆಗೆ ಕೂತಿದ್ದೆ ಕಣೇ, ನಿನ್ನ ಮೆಸೇಜು ಈಗ ನೋಡ್ದೆ. ಮುಂದಿನ ವಾರ ಜರ್ಮನ್ ಭಾಷೆಯ ಎ1 ಪರೀಕ್ಷೆ, ಅಂದ್ರೆ ಮೊದಲ ಹಂತದ್ದು, ಪಾಸಾಗ್ದಿದ್ರೆ ವೀಸಾ ನಿಲ್ಲತ್ತೆ, ‘ಇವತ್ತು ನಾನು ಬರ್ತೀನಿ’ ಅನ್ನೋದಕ್ಕೆ ‘ಹೊಯ್ಟೆ ಇಖ್ ಕೊಮ್ಮೆ’ ಅಂತ ಬರೆದ್ರೆ ಮೇಡಂ ಕೆಂಪು ಗೀಟು ಎಳೀತಾರೆ, ಯಾಕೆ ಅಂತಾನೇ ಗೊತ್ತಾಗ್ತಿಲ್ಲ ಅತ್ತೆ ಅಂತ ಬರ್ದಿದ್ಯಲ್ಲ. ಅಳ್ಬೇಡ. ಮೊದಲು ನನ್ನ ಪ್ಲೋಖಿಂಗನ್ ಸ್ಟೇಷನ್ ಕಥೆ ಕೇಳು, ನಿಮ್ಮಪ್ಪ ಹೇಳಿರ್ತಾನೆ, ಆದ್ರೆ ಅವನು ನಗೋಕೆ ಎಷ್ಟು ಬೇಕೋ ಅಷ್ಟೇ ಹೇಳಿರ್ತಾನೆ.

1997ರಲ್ಲಿ. ನಿಮ್ಮ ಮಾವನ ಹಿಂದೆ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿ ನಾಕು ತಿಂಗಳೂ ಆಗಿರ್ಲಿಲ್ಲ. ಉಲ್ಮ್‌ನಲ್ಲಿ ಗೆಳತಿ ಸೀಮಂತ ಅಂತ ಡಬ್ಬಿ ತುಂಬ ಚಿತ್ರಾನ್ನ ಕಲಸ್ಕೊಂಡು ಒಬ್ಬಳೇ ಹೊರಟೆ. ಪ್ಲಾಟ್‌ಫಾರ್ಮಲ್ಲಿ ಒಂದು ಟ್ರೇನ್ ನಿಂತಿತ್ತು, ಪಕ್ಕದಲ್ಲಿ ಒಬ್ರು ಅಜ್ಜಿ. ಕನ್ನಡದ್ದನ್ನೇ ಒಂದೊಂದೇ ಪದ ಜರ್ಮನ್ ಮಾಡಿ ‘ಡೀಸರ್ ತ್ಸೂಗ್ ನಾಖ್ ಉಲ್ಮ್ ಫೇರ್ಟ್’ ಅಂದೆ. ಈ ಟ್ರೇನು ಉಲ್ಮಿಗೆ ಹೋಗತ್ತಾ ಅಂತ ಕೇಳಿದೀನಿ ಅನ್ನೋದು ನನ್ನ ಲೆಕ್ಕ. ನಮ್ಮಲ್ಲಿ ಹೋಗತ್ತೆಗೆ ಒಂದು ‘ಆ’ ಸೇರಿಸಿದ್ರೆ ಪ್ರಶ್ನೆ ಆಯ್ತು, ಅವರಲ್ಲಿ ಆ ‘ಆ’ ಇಲ್ವಲ್ಲ, ನಾನು ಹೆದರಿಕೆಗೆ ರಾಗಾನೂ ಎಳೀಲಿಲ್ಲ. ಅಜ್ಜಿ ಅದೇ ದಾರೀಲಿ ಗ್ಯೋಪಿಂಗನ್‌ಗೆ ಹೋಗೋರು, ಇದೇ ಟ್ರೇನೋ ಅಲ್ವೋ ಅಂತ ಅವರಿಗೂ ಅನುಮಾನ ಇತ್ತಂತೆ, ಈ ಸೀರೆಯಮ್ಮ ಗೊತ್ತಿದ್ದೇ ಹೇಳ್ತಿದಾಳೆ ಅಂದ್ಕೊಂಡು ಡಾಂಕೆ ಡಾಂಕೆ, ಅಂದ್ರೆ ಥ್ಯಾಂಕ್ಸ್ ಥ್ಯಾಂಕ್ಸ್, ಅಂತ ಹತ್ತೇ ಬಿಟ್ರು! ಅವರು ಹತ್ತಿದ್ರಲ್ಲ ಅಂತ ನಾನೂ ಹತ್ತಿದೆ.

ಪ್ಲೋಖಿಂಗನ್ ತನಕ ಎರಡು ಲೈನೂ ಒಂದೇ, ಅಲ್ಲಿಂದ ಒಂದು ಉಲ್ಮ್ ಕಡೆ, ಇನ್ನೊಂದು ತ್ಯೂಬಿಂಗನ್ ಕಡೆ. ನಮ್ಮದು ತ್ಯೂಬಿಂಗನ್‌ದು. ನ್ಯುರ್ಟಿಂಗನ್‌ನಲ್ಲಿ ಇಳಿದು ವಾಪಸ್ ಟ್ರೇನಿಗೆ ಕಾಯ್ತಾ ಬೆಂಚಿನ ಮೇಲೆ ಕೂತ್ವಿ ಇಬ್ರೂ. ಅದಕ್ಕೇ ಹೇಳೋದು, ಕನ್ನಡದ ಥರ ವರ್ಬ್‌ನ ಕೊನೆಗೆ ತಳ್ಬೇಡ ಪುಟ್ಟ, ಪ್ರಶ್ನೆ ಕೇಳೋವಾಗಂತೂ ತಳ್ಳಲೇಬೇಡ.

ನಾವು ಊರಿಗೆ ವಾಪಸ್ ಬಂದಾಗ ಮನೆ ಮಕ್ಕಳಿಗೆಲ್ಲ ಪುಕ್ಕಟೆ ಜರ್ಮನ್ ಹೇಳ್ಕೊಡ್ತೀನಿ ಅಂದೆ, ನಿಮ್ಮಪ್ಪ ಏನಂದ ಗೊತ್ತಾ, ಉಲ್ಮಿಗೆ ಹೋಗಕ್ಕೆ ಬರ್ದೇ ಇರೋಳು ನಮ್ಮ ಮಕ್ಕಳನ್ನ ಎಲ್ಲಿಗೆ ಕಳಿಸ್ತಾಳೋ ಅಂತ. ಎಲ್ಲಾರ ಮುಂದೆ, ಊಟದ ಎಲೆ ಮುಂದೆ. ಎರಡು ಸೂಟ್‌ಕೇಸ್ ಚಾಕಲೇಟು ಹಂಚಿದ್ದು ಯಾರಿಗೂ ನೆನಪಿಲ್ಲ, ಅದೊಂದು ನೆನಪಿದೆ. ನನ್ನ ದಪ್ಪ ಡಿಕ್ಷನರಿ ಎರಡು ದಿನಕ್ಕೆ ಅಂತ ತಗೊಂಡೋದೋರು ಮನೆಯವರ ಇದೇ ಗ್ರೂಪಲ್ಲಿದಾರೆ, ಹೆಸರು ಹೇಳಲ್ಲ, ಅವರಿಗೆ ಗೊತ್ತು. ಈಗ ಸಾವಿರಾರು ರೂಪಾಯಿ ಫೀಸು ಕಟ್ಟಿ ಕ್ಲಾಸಿಗೆ ಹೋಗಿ ಕೊನೆಗೆ ಅತ್ತೇನೇ ಕೇಳ್ಬೇಕಾಯ್ತು.

ಇರ್ಲಿ. ವರ್ಬ್‌ನ ಕೊನೆಗೆ ತಳ್ಬೇಡ ಅಂದ್ನಾ?

ಅಯ್ಯೋ, ಎಲ್ಲಿಡ್ಬೇಕು ಅಂತ ಹೇಳ್ಲೇ ಇಲ್ಲ ನೋಡು. ಆ ಬೆಂಚಿನ ಮೇಲೆ ಅಜ್ಜಿ ಚಿತ್ರಾನ್ನ ತಿಂತಾ ಹತ್ತು ಸಲ ಹೇಳಿಸಿದ್ರು, ‘ಫೇರ್ಟ್ ಡೀಸರ್ ತ್ಸೂಗ್ ನಾಖ್ ಉಲ್ಮ್?’ ಹೌದು ಇಲ್ಲ ಅನ್ನೋ ಪ್ರಶ್ನೆಗೆ ವರ್ಬೇ ಮೊದಲು. ನೀನು ಕಾಫಿ ಕುಡೀತೀಯಾ ಅನ್ನೋದಕ್ಕೆ, ಟ್ರಿಂಕ್ಸ್ಟ್ ಡೂ ಕಾಫೇ? ಯಾವಾಗ ಎಲ್ಲಿ ಏನು ಅಂತ ಕೇಳೋದಾದ್ರೆ ಆ ಪದ ಮೊದಲು, ವರ್ಬ್ ಎರಡನೇದು, ನೀನು ಎಲ್ಲಿ ವಾಸ ಇದೀಯ ಅನ್ನೋದಕ್ಕೆ, ವೋ ವೋನ್ಸ್ಟ್ ಡೂ? ಸುಮ್ನೆ ಹೇಳೋ ಮಾತಲ್ಲೂ ವರ್ಬ್ ಎರಡನೇ ಜಾಗ ಬಿಟ್ಟು ಅಲ್ಲಾಡಲ್ಲ. ನೀನು ಹೊಯ್ಟೆನ ಮುಂದೆ ಕೂರಿಸಿದ್ಯಲ್ಲ, ಆಗ ‘ಇಖ್’ ಹಿಂದೆ ಸರೀಬೇಕು, ‘ಹೊಯ್ಟೆ ಕೊಮ್ಮೆ ಇಖ್’. ಎರಡನೇ ಜಾಗ ಅಂದ್ರೆ ಎರಡನೇ ಪದ ಅಲ್ಲ ಮತ್ತೆ, ‘ಆಮ್ ಮೋಂಟಾಗ್’, ಅಂದ್ರೆ ಸೋಮವಾರ, ಎರಡು ಪದ ಆದ್ರೂ ಒಂದೇ ಜಾಗ, ‘ಆಮ್ ಮೋಂಟಾಗ್ ಕೊಮ್ಮೆ ಇಖ್’. ಬೇಕು ಅನ್ನೋ ಮೋಖ್ಟೆ ಬಂದ್ರೆ ಅದು ಎರಡನೇ ಜಾಗದಲ್ಲಿ, ಕುಡಿಯೋದು ಅನ್ನೋ ಟ್ರಿಂಕನ್ ಹೋಗಿ ಕೊನೇಲಿ, ‘ಇಖ್ ಮೋಖ್ಟೆ ಕಾಫೇ ಟ್ರಿಂಕನ್’. ‘ಯಾಕಂದ್ರೆ’ ಅನ್ನೋ ‘ವೈಲ್’ ಹಾಕಿದ್ರೆ ಆಮೇಲಿನ ವರ್ಬ್ ನಮ್ಮ ಥರಾನೇ ಕೊನೆಗೆ ಹೋಗತ್ತೆ, ಸದ್ಯಕ್ಕೆ ಅದರ ತಂಟೆಗೆ ಹೋಗ್ಬೇಡ.

ಮಾತಾಡೋ ಪರೀಕ್ಷೇಲಿ ಒಂದು ಪದ ಇರೋ ಚೀಟಿ ಕೊಡ್ತಾರೆ, ಅದರ ಮೇಲೆ ನೀನೇ ಪ್ರಶ್ನೆ ಕೇಳ್ಬೇಕು, ಅಲ್ಲೇ ಎಲ್ಲಾರೂ ಎಡವೋದು. ನೂರಕ್ಕೆ 60 ಬಂದ್ರೆ ಪಾಸು. ಸಂಜೆ ಏಳಕ್ಕೆ ಫೋನ್ ಮಾಡು, ನಾನು ಪದ ಹೇಳ್ತೀನಿ ನೀನು ಪ್ರಶ್ನೆ ಮಾಡು. ಆ ಡಿಕ್ಷನರಿ ಇಟ್ಕೊಂಡಿರೋರು ಅಷ್ಟರೊಳಗೆ ಚಿನ್ನಿ ಮನೆಗೆ ತಲುಪಿಸಿ.